ಫಿರಿಶ್ತಾ ತಿದ್ದಿ ಬರೆದ ಮಸೂದೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಈ ನಾಲ್ಕು ಊರುಗಳ ಯಾವ ಕಚೇರಿಗೆ ಹೋದರೂ ಅಸಲು, ನಕಲು, ದಾಖಲೆ, ರುಜು ಎಂಬ ಮಾತುಗಳು ಕಿವಿಗೆ ಬೀಳುತ್ತವೆ. ಫಾರಸಿ ಆಸ್ಥಾನದ ಭಾಷೆಯಾಗಿದ್ದ ಕಾಲ ನಮ್ಮ ಕನ್ನಡಕ್ಕೆ ಬಿಟ್ಟುಹೋದ ಮಾತುಗಳಿವು. ವಿಧಾನಸಭೆಯಲ್ಲಿ ಮಂಡನೆಯಾಗುವ ‘ಮಸೂದೆ’ಯೂ ಇದೇ ಬಳಗಕ್ಕೆ ಸೇರಿದ್ದು. ಅರಬಿಯ ‘ಮುಸವ್ವದಾ’ ಎಂದರೆ ಕಪ್ಪಾಗಿಸಿದ್ದು. ಹೊಡೆದುಹಾಕಿ, ಸಾಲುಗಳ ನಡುವೆ ತೂರಿಸಿ, ಅಂಚಿನಲ್ಲಿ ಸೇರಿಸಿ ಮಸಿಮಯವಾದ ಕರಡು. ಅದನ್ನು ಚೊಕ್ಕವಾಗಿ ಮತ್ತೆ ಬರೆದರೆ ‘ಮುಬಯ್ಯದಾ’, ಅಂದರೆ ಬಿಳಿಯಾಗಿಸಿದ್ದು, ಶುದ್ಧಪ್ರತಿ.

ಲೇಖಕ ತನ್ನ ಬರಹವನ್ನು ಯಾವಾಗ ತಿದ್ದುತ್ತಾನೆ? ಕಾದಂಬರಿಕಾರರನ್ನು ನಾವು ಆಗಾಗ ಕೇಳುವ ಪ್ರಶ್ನೆಯಿದು. ಅಚ್ಚಿಗೆ ಹೋಗುವ ಮುನ್ನ ಎಂಬುದು ಸಹಜ ಉತ್ತರ. ಆದರೆ ಅಚ್ಚಾದ ಮೇಲೂ ತಿದ್ದುವುದುಂಟು. 1936ರಲ್ಲಿ ‘ಕಾನೂರು ಸುಬ್ಬಮ್ಮ ಹೆಗ್ಗಡಿತಿ’ ಎಂದು ಬಂದ ಕುವೆಂಪು ಅವರ ಕಾದಂಬರಿಯನ್ನು ನಾವಿಂದು ‘ಕಾನೂರು ಹೆಗ್ಗಡಿತಿ’ ಎಂದೇ ಬಲ್ಲೆವು. ಅಚ್ಚುಕೂಟವೇ ಇಲ್ಲದ ಕಾಲದಲ್ಲಿ ಈ ಕೆಲಸ ಹೇಗೆ ನಡೆಯುತ್ತಿತ್ತು? ಇದಕ್ಕೆ ಉತ್ತರ ಹುಡುಕಲು ನಾವು ದೂರ ಹೋಗಬೇಕಿಲ್ಲ. ನಾಲ್ಕು ನೂರು ವರ್ಷಗಳ ಹಿಂದಿನ ಬಿಜಾಪುರವೇ ಸಾಕು. ಅಲ್ಲಿ ಒಬ್ಬ ಲೇಖಕ ದೊರೆಗೆ ಒಪ್ಪಿಸಿಯಾಗಿದ್ದ ತನ್ನ ಗ್ರಂಥವನ್ನು ಮತ್ತೆ ಕೈಗೆತ್ತಿಕೊಂಡನು. ಆತ ಕಾದಂಬರಿಕಾರನಲ್ಲ, ಚರಿತ್ರೆಕಾರ.

ಆತನ ಹೆಸರು ಮುಹಮ್ಮದ್ ಕಾಸಿಂ ಹಿಂದೂಶಾಹ. ‘ಫಿರಿಶ್ತಾ’, ಅಂದರೆ ದೇವದೂತ ಎಂಬುದು ಪ್ರಸಿದ್ಧನಾದ ಹೆಸರು. ಕ್ಯಾಸ್ಪಿಯನ್ ಸಮುದ್ರದ ಬಳಿಯ ಅಸ್ತರಾಬಾದಿನಲ್ಲಿ ಹುಟ್ಟಿ, ಬಾಲ್ಯದಲ್ಲೇ ತಂದೆಯೊಂದಿಗೆ ಅಹಮದ್‌ನಗರ ಸೇರಿದವನು. ಅಲ್ಲಿನ ಆಸ್ಥಾನದ ರಕ್ತಪಾತದಿಂದ ಪಾರಾಗಿ 1589ರಲ್ಲಿ ಬಿಜಾಪುರಕ್ಕೆ ಬಂದನು. ದೊರೆ ಎರಡನೇ ಇಬ್ರಾಹಿಂ ಆದಿಲ್ ಶಾಹ ಅವನಿಗೆ ದಖ್ಖನಿನ ಸುಲ್ತಾನರ ಚರಿತ್ರೆ ಬರೆಯಲು ಹೇಳಿದನು. ಮುಖಸ್ತುತಿ ಬೇಡವೆಂದೂ ತಾಕೀತು ಮಾಡಿದನು. ಇದನ್ನು ಹೇಳಿರುವವನು ಫಿರಿಶ್ತಾನೇ.

30ಕ್ಕೂ ಹೆಚ್ಚು ಗ್ರಂಥಗಳನ್ನು ಓದಿ ಅವನು ಬರೆದ ‘ಗುಲ್ಶನೆ ಇಬ್ರಾಹಿಮೀ’ 1606ರ ಸುಮಾರಿಗೆ ದೊರೆಯ ಕೈ ಸೇರಿತು. ಅಷ್ಟಕ್ಕೇ ಆತ ಕಲಮು ಕೆಳಗಿಡಬಹುದಿತ್ತು. ಇಡಲಿಲ್ಲ. ಮೂರು ವರ್ಷಗಳ ಬಳಿಕ, 1609-10ರಲ್ಲಿ, ಪರಿಷ್ಕರಿಸಿದ ಎರಡನೇ ಪಾಠ ಸಿದ್ಧವಾಯಿತು. ಹೆಸರೂ ಬದಲಾಗಿ ‘ನೌರಸ್‌ನಾಮಾ’ ಆಯಿತು. ಇಬ್ರಾಹಿಮನಿಗೆ ‘ನೌರಸ್’ ಎಂಬ ಮಾತು ಎಷ್ಟು ಪ್ರಿಯವೆಂದರೆ ತನ್ನ ಹಾಡುಗಳ ಸಂಕಲನಕ್ಕೂ ತಾನು ಕಟ್ಟಿಸಿದ ಹೊಸ ಪಟ್ಟಣಕ್ಕೂ ಅದೇ ಹೆಸರಿಟ್ಟಿದ್ದನು. ಎರಡನೇ ಪಾಠ ಮುಗಿದ ಮೇಲೂ ಫಿರಿಶ್ತಾ ಅಲ್ಲಲ್ಲಿ ಹೊಸ ಸಂಗತಿ ಸೇರಿಸುತ್ತ ಹೋದನು.

ಇಲ್ಲೊಂದು ತೊಡಕಿದೆ. ಹಸ್ತಪ್ರತಿ ಒಮ್ಮೆ ಲೇಖಕನ ಕೈಬಿಟ್ಟು ನಕಲುಗಾರರ ಕೈ ಸೇರಿದರೆ ಅದನ್ನು ಹಿಂದಕ್ಕೆ ಕರೆಯಲಾಗದು. ಹಳೆಯ ಪಾಠದಿಂದಲೂ ನಕಲು, ಹೊಸ ಪಾಠದಿಂದಲೂ ನಕಲು. ಅಂಚಿನ ಮಾತು ಒಬ್ಬನ ಪ್ರತಿಯಲ್ಲಿ ಒಳಸೇರಿದರೆ ಇನ್ನೊಬ್ಬನ ಪ್ರತಿಯಲ್ಲಿ ಬಿಟ್ಟೇ ಹೋಗಬಹುದು. ಹಾಗಾಗಿ ಫಿರಿಶ್ತಾ ಹೀಗೆ ಹೇಳಿದ್ದಾನೆ ಎನ್ನುವವರು ಯಾವ ಪಾಠದಲ್ಲಿ ಎಂದೂ ಹೇಳಬೇಕಾಗುತ್ತದೆ. ನಮ್ಮಲ್ಲಿ ಬಹುಮಂದಿಗೆ ಆತ ಸಿಕ್ಕಿದ್ದು 1829ರಲ್ಲಿ ಪ್ರಕಟವಾದ ಜಾನ್ ಬ್ರಿಗ್ಸ್‌ನ ಇಂಗ್ಲಿಷ್ ಅನುವಾದದ ಮೂಲಕ. ಅಂದರೆ ಮೂರನೆಯ ಕೈಯಿಂದ.

ಇದು ಬರಿಯ ಪಂಡಿತರ ಚರ್ಚೆಯಲ್ಲ. 1565ರ ಯುದ್ಧವನ್ನೇ ನೋಡೋಣ. ಅದಕ್ಕೆ ತಾಳಿಕೋಟೆಯ ಹೆಸರು ಅಂಟಿದೆ. ಆದರೆ ಹಿಂದೆ ಮುದ್ದೇಬಿಹಾಳ ತಾಲೂಕಿನಲ್ಲಿದ್ದ ತಾಳಿಕೋಟೆ ಇರುವುದು ಡೋಣಿ ನದಿಯ ದಂಡೆಯಲ್ಲಿ. ಸುಲ್ತಾನರ ಸೇನೆ ಬೀಡುಬಿಟ್ಟ ಜಾಗವದು. ಕಾಳಗ ನಡೆದದ್ದು ದಕ್ಷಿಣಕ್ಕೆ, ಕೃಷ್ಣೆಯ ಕಡೆ. ರಕ್ಕಸಗಿ, ತಂಗಡಗಿ ಎಂಬ ಎರಡು ಹಳ್ಳಿಗಳ ಹೆಸರು ಅದಕ್ಕೆ ಸೇರಿಕೊಂಡದ್ದು ಹೀಗೆ. ಗಿರೀಶ ಕಾರ್ನಾಡರು 2018ರಲ್ಲಿ ತಮ್ಮ ನಾಟಕಕ್ಕೆ ‘ರಾಕ್ಷಸ-ತಂಗಡಿ’ ಎಂದು ಹೆಸರಿಟ್ಟರು. ಈ ಯುದ್ಧವನ್ನು ಎರಡು ಧರ್ಮಗಳ ಕಾಳಗವೆಂದು ಹೇಳುವವರು ಫಿರಿಶ್ತಾನನ್ನು ಸಾಕ್ಷಿಗೆ ಕರೆಯುತ್ತಾರೆ. ಅದೇ ಫಿರಿಶ್ತಾ, ಮಗನನ್ನು ಕಳೆದುಕೊಂಡ ರಾಮರಾಯನಿಗೆ ಸಾಂತ್ವನ ಹೇಳಲು ಅಲಿ ಆದಿಲ್ ಶಾಹ ಸ್ವತಃ ವಿಜಯನಗರಕ್ಕೆ ಹೋದದ್ದನ್ನೂ, ರಾಮರಾಯನ ರಾಣಿ ಅವನನ್ನು ಮಗನಾಗಿ ಸ್ವೀಕರಿಸಿದ್ದನ್ನೂ ಬರೆದಿಟ್ಟಿದ್ದಾನೆ. ಆ ಪುಟವನ್ನು ಮಾತ್ರ ತಿರುವದೇ ಬಿಡುತ್ತಾರೆ.

ತಿದ್ದಿದ ಮಾತ್ರಕ್ಕೆ ಎಲ್ಲವೂ ಸತ್ಯವಾಯಿತೆಂದು ನಾವು ಹೇಳುವುದಿಲ್ಲ. ಬಿಜಾಪುರದ ಮೊದಲ ದೊರೆ ಯೂಸುಫ್ ತುರ್ಕಿಯ ಸುಲ್ತಾನನ ಮಗನೆಂಬ ಕತೆ ಅವನ ಗ್ರಂಥದಲ್ಲಿದೆ. ಇತಿಹಾಸಕಾರರು ಅದನ್ನು ಸುಲಭವಾಗಿ ನಂಬುವುದಿಲ್ಲ. ಆದರೂ ತನ್ನ ಬರಹ ಪೂರ್ಣವಲ್ಲವೆಂದು ಒಪ್ಪಿ ಮತ್ತೆ ಕುಳಿತು ಬರೆಯುವುದು ಸಣ್ಣ ಗುಣವಲ್ಲ.

ತಾನಾಗಿ ತಿದ್ದುವುದು ಬೇರೆ, ತಿದ್ದುವಂತೆ ಮಾಡುವುದು ಬೇರೆ. ಸಿಂದಗಿ ತಾಲೂಕಿನ ಯರಗಲ್ಲಿನಲ್ಲಿ 1938ರಲ್ಲಿ ಜನಿಸಿದ ಡಾ. ಎಂ.ಎಂ. ಕಲಬುರ್ಗಿ ಅವರು ‘ಮಾರ್ಗ’ ಸಂಪುಟದಲ್ಲಿ ಬರೆದ ಕೆಲವು ಮಾತುಗಳನ್ನು 1989ರಲ್ಲಿ ಒತ್ತಡಕ್ಕೆ ಸಿಕ್ಕಿ ಹಿಂತೆಗೆದುಕೊಳ್ಳಬೇಕಾಯಿತು. ಅದು ತಮ್ಮ ವಿದ್ವತ್ತಿನ ಸಾವು ಎಂಬ ನೋವು ಅವರಲ್ಲಿ ಉಳಿದೇ ಇತ್ತು. ಆದಿಲ್ ಶಾಹಿ ಕಾಲದ ಸಾಹಿತ್ಯವನ್ನು ಕನ್ನಡಕ್ಕೆ ತರುವ ಯೋಜನೆಯನ್ನು ಮುನ್ನಡೆಸಿದವರೂ ಅವರೇ. 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲಿ ಅವರು ಗುಂಡಿಗೆ ಬಲಿಯಾದರು.

ಮಸೂದೆಯನ್ನು ಕಪ್ಪಾಗಿಸುವ ಹಕ್ಕು ಬರೆದವನದು. ಆ ಕಲಮು ಬೆದರಿಸುವವರ ಕೈಗೆ ಹೋದ ದಿನ ಶುದ್ಧಪ್ರತಿ ಎಷ್ಟೇ ಬೆಳ್ಳಗಿದ್ದರೂ ನಾವದನ್ನು ನಂಬಲಾರೆವು.