ಜಿಡ್ಡು ತೆಗೆಯುವಿಕೆ (ವಾಹನ ದುರಸ್ತಿ)

ಬಣ್ಣ ಬಳಿಯುವ ಮೊದಲು ಎಂಜಿನ್, ಗೇರ್‌ಬಾಕ್ಸ್ ಭಾಗಗಳಿಗೆ ಮೆತ್ತಿದ ಆಯಿಲ್, ಗ್ರೀಸ್, ದೂಳನ್ನು ಪೂರ್ತಿ ನಿವಾರಿಸುವ ಪೂರ್ವಸಿದ್ಧತಾ ಕೆಲಸ. ಜಿಡ್ಡು ಉಳಿದರೆ ಬಣ್ಣ ಲೋಹಕ್ಕೆ ಕಚ್ಚದೆ, ಬಿಸಿಗೆ ಹಕ್ಕಳೆಯೇಳುತ್ತದೆ.

ಕರ್ನಾಟಕದಲ್ಲೂ ಆಂಧ್ರದ ಹೇಮಾವತಿ, ಮಡಕಶಿರಾದಂಥ ಗಡಿಭಾಗದಲ್ಲೂ ಗ್ಯಾರೇಜುಗಳ ವಾಡಿಕೆಯ ದ್ರಾವಕ ಸೀಮೆಎಣ್ಣೆ ಅಥವಾ ಡೀಸೆಲ್. ಗಟ್ಟಿ ಕೊಳೆಯನ್ನು ಕೆರೆದು, ಭಾಗವನ್ನು ಟ್ರೇಯಲ್ಲಿ ನೆನೆಸಿ ಬ್ರಷ್‌ನಿಂದ ಉಜ್ಜುತ್ತಾರೆ. ಈ ದ್ರಾವಕಗಳೂ ತೆಳು ಎಣ್ಣೆಪೊರೆ ಬಿಡುವುದರಿಂದ ಸೋಪುನೀರಿನಲ್ಲಿ ತೊಳೆದು, ಗಾಳಿ ಹೊಡೆದು ಒಣಗಿಸಿ, ಥಿನ್ನರ್ ಹಚ್ಚಿದ ಬಟ್ಟೆಯಿಂದ ಒರೆಸುವುದು ಅಗತ್ಯ. ಎರಕದ ಕಬ್ಬಿಣಕ್ಕೆ ಬಿಸಿ ಕಾಸ್ಟಿಕ್ ಸೋಡಾ ದ್ರಾವಣ ಒಗ್ಗುತ್ತದೆ. ಅಲ್ಯೂಮಿನಿಯಂ ಗೇರ್‌ಬಾಕ್ಸ್ ಕವಚವನ್ನು ಅದೇ ದ್ರಾವಣ ತಿಂದು ಹೈಡ್ರೋಜನ್ ಹೊಮ್ಮಿಸುತ್ತದೆ. ಪೆಟ್ರೋಲ್ ಬಳಕೆ ಬೆಂಕಿಗೆ ದಾರಿ.

ನೀರು ಹನಿಗಟ್ಟದೆ ಒಂದೇ ಪೊರೆಯಾಗಿ ಹರಡುವುದು ಶುದ್ಧ ಮೇಲ್ಮೈಯ ಗುರುತು. ಬರಿಯ ಕಬ್ಬಿಣ ಬೇಗ ತುಕ್ಕು ಹಿಡಿಯುವುದರಿಂದ, ಒಣಗಿದ ಕೂಡಲೇ ಪ್ರೈಮರ್ ಹೊಡೆಯಲಾಗುತ್ತದೆ.