ಗುಟ್ಟು ರಟ್ಟಾದ ಮೇಲೂ ‘ಸೈಕೋ’
ಅಂತ್ಯ ಗೊತ್ತಿರುವ ರೋಮಾಂಚಕ ಚಿತ್ರವನ್ನು ನೀವು ಮತ್ತೆ ನೋಡುವಿರಾ? 1960ರಲ್ಲಿ ಅಮೆರಿಕದಲ್ಲಿ ಆಲ್‌ಫ್ರೆಡ್ ಹಿಚ್‌ಕಾಕ್‌ರ ‘ಸೈಕೋ’ ತೆರೆ ಕಂಡಾಗ, ಪ್ರದರ್ಶನ ಆರಂಭವಾದ ಮೇಲೆ ಯಾರಿಗೂ ಪ್ರವೇಶವಿರಲಿಲ್ಲ. ಜಾನೆಟ್ ಲೀ ಅವರ ಪಾತ್ರ ಅರ್ಧ ಚಿತ್ರಕ್ಕೆ ಮೊದಲೇ ಕೊಲೆಯಾಗುತ್ತದೆ. ತಡವಾಗಿ ಬಂದವರು ಆಕೆಗಾಗಿ ಕಾಯುತ್ತಲೇ ಕೂರಬೇಕಾಗುತ್ತಿತ್ತು.

1976ರಲ್ಲಿ ಜಪಾನಿನಲ್ಲಿ ವಿ.ಎಚ್.ಎಸ್. ಬಂದಿತು. ಮನೆಯ ಕ್ಯಾಸೆಟ್ಟಿಗೆ ಆ ಕಟ್ಟಳೆಯಿಲ್ಲ. ಬೇಕಾದಲ್ಲಿ ನಿಲ್ಲಿಸಬಹುದು, ಹಿಂದಕ್ಕೆ ಸುತ್ತಬಹುದು. ಗುಟ್ಟು ರಟ್ಟಾದರೂ ಚಿತ್ರ ಹಳತಾಗಲಿಲ್ಲ. ಏಕೆ?

ಸ್ನಾನಗೃಹದ ಆ ಕೊಲೆ ಸುಮಾರು 45 ಸೆಕೆಂಡುಗಳದ್ದು. ಚಿತ್ರೀಕರಣಕ್ಕೆ ಒಂದು ವಾರ ಹಿಡಿಯಿತು. ರಕ್ತವಾಗಿ ಹರಿದದ್ದು ಚಾಕೊಲೇಟ್ ಪಾಕ. ಹಿಚ್‌ಕಾಕ್ ಸಂಗೀತವೇ ಬೇಡವೆಂದಿದ್ದ ದೃಶ್ಯಕ್ಕೆ ಬರ್ನಾರ್ಡ್ ಹರ್ಮನ್ ಪಿಟೀಲುಗಳ ಚೀತ್ಕಾರ ಕೊಟ್ಟರು. ನೀವೂ ಒಮ್ಮೆ ಧ್ವನಿ ಅಡಗಿಸಿ ನೋಡಿ. ಹೆದರಿಕೆಯಲ್ಲಿ ಪಿಟೀಲಿನ ಪಾಲೆಷ್ಟೆಂದು ತಿಳಿಯುತ್ತದೆ. ಕಥೆ ಗೊತ್ತಿದ್ದವರಿಗೇ ಈ ಕೌಶಲ ಕಾಣುವುದು.