ಕೊಟ್ಟಿಗೆಯಲ್ಲಿ ಹುಟ್ಟಿದ ಬೋಳು ಬೆಕ್ಕು

ರೀಲ್ಸ್‌ನಲ್ಲಿ ನೀವೂ ನೋಡಿರುತ್ತೀರಿ. ಮೈಮೇಲೆ ಕೂದಲೇ ಇಲ್ಲದ, ಚರ್ಮ ಸುಕ್ಕುಗಟ್ಟಿದ, ದೊಡ್ಡ ಕಿವಿಯ ಬೆಕ್ಕಿನ ಮರಿ. ಸ್ಫಿಂಕ್ಸ್ ಅಂತ ಹೆಸರು. ಈಜಿಪ್ಟಿನ ರಾಜರು ಸಾಕುತ್ತಿದ್ದ ಬೆಕ್ಕು ಎಂದೇ ಬಹಳ ಜನ ನಂಬಿದ್ದಾರೆ. ಆದರೆ ಈಜಿಪ್ಟಿನಿಂದ ಬಂದದ್ದು ಹೆಸರು ಮಾತ್ರ, ಅದೂ ಅಲ್ಲಿನ ಕಲ್ಲಿನ ಮೂರ್ತಿಯದು. ಬೆಕ್ಕು ಹುಟ್ಟಿದ್ದು ಕೆನಡಾದಲ್ಲಿ.

1966ರಲ್ಲಿ ಟೊರಾಂಟೊ ನಗರದ ಎಲಿಜಬೆತ್ ಎಂಬ ಕಪ್ಪು-ಬಿಳಿ ಮನೆಬೆಕ್ಕು ಮರಿ ಹಾಕಿತು. ಅದರಲ್ಲೊಂದು ಗಂಡುಮರಿ ಬೋಳು. ಒಣಹಣ್ಣಿನಂತೆ ಸುಕ್ಕಾಗಿದ್ದಕ್ಕೋ ಏನೋ, ಪ್ರೂನ್ ಎಂದು ಕರೆದರು. ಅದನ್ನು ತಾಯಿಯ ಜೊತೆಗೇ ಕೂಡಿಸಿ ತಳಿ ಬೆಳೆಸಲು ಹೊರಟರು. ಹತ್ತಿರದ ರಕ್ತದಲ್ಲಿ ಕೂಡಿಸಿದರೆ ಏನಾಗುತ್ತದೆಂದು ಆಡು, ಕುರಿ ಸಾಕಿದವರಿಗೆ ಹೇಳಬೇಕಿಲ್ಲ. ಅಮೆರಿಕದ ಬೆಕ್ಕು ನೋಂದಣಿ ಸಂಸ್ಥೆ ಸಿಎಫ್‌ಎ ತಾನು ಕೊಟ್ಟಿದ್ದ ತಾತ್ಕಾಲಿಕ ಮಾನ್ಯತೆಯನ್ನು ಆರೋಗ್ಯದ ಕಾರಣಕ್ಕೆ 1971ರಲ್ಲಿ ವಾಪಸ್ ಪಡೆಯಿತು. ಆ ವಂಶ ಅಲ್ಲಿಗೇ ನಿಂತಿತು.

ಮುಂದಿನದು ನಮ್ಮಂಥವರ ಕಥೆ. 1975ರಲ್ಲಿ ಅಮೆರಿಕದ ಮಿನೆಸೊಟಾ ರಾಜ್ಯದ ವಡೀನಾದಲ್ಲಿ, ರೈತ ದಂಪತಿಯ ಹೊಲಮನೆಯ ಬೆಕ್ಕು ಜೆಜಬೆಲ್ ಬೋಳು ಮರಿ ಹಾಕಿತು. ಮರುವರ್ಷ ಇನ್ನೊಂದು. ಒಂದಕ್ಕೆ ಎಪಿಡರ್ಮಿಸ್, ಇನ್ನೊಂದಕ್ಕೆ ಡರ್ಮಿಸ್ ಎಂದು ಹೆಸರು. ಎರಡೂ ಚರ್ಮದ ಪದರಗಳ ಹೆಸರೇ! ಹಿಮ ಬೀಳುವ ಊರು ಅದು. ಯಾರೂ ಕೈಗೆತ್ತಿಕೊಳ್ಳದಿದ್ದರೆ ಆ ಮರಿಗಳು ಉಳಿಯುತ್ತಿದ್ದವೆಂದು ನನಗನ್ನಿಸುವುದಿಲ್ಲ.

1978ರ ಹೊತ್ತಿಗೆ ಟೊರಾಂಟೊದ ಬೀದಿಯಲ್ಲಿ ಮತ್ತೆ ಬೋಳು ಮರಿಗಳು ಸಿಕ್ಕವು. ಅವುಗಳಲ್ಲಿ ಪಂಕಿ, ಪಲೋಮಾ ಎಂಬ ಎರಡು ಹೆಣ್ಣು ಮರಿಗಳು ನೆದರ್‌ಲ್ಯಾಂಡ್ಸ್‌ಗೆ ಹೋದವು. ಅಲ್ಲಿ ಅವನ್ನು ಗುಂಗುರು ಕೂದಲಿನ ಡೆವನ್ ರೆಕ್ಸ್ ತಳಿಯ ಜೊತೆ ಕೂಡಿಸಿದರು. ಹೊರಗಿನ ರಕ್ತ ಸೇರಿತು, ತಳಿ ಉಳಿಯಿತು. ಇವತ್ತಿನ ಸ್ಫಿಂಕ್ಸ್‌ಗಳ ಬೇರು ಇರುವುದು ಈ ಬೀದಿಯಲ್ಲಿ ಮತ್ತು ವಡೀನಾದ ಹೊಲಮನೆಯಲ್ಲಿ. ಸಿಎಫ್‌ಎ ಪ್ರದರ್ಶನಗಳ ಮುಖ್ಯ ಸ್ಪರ್ಧೆಗೆ ಇವನ್ನು ಸೇರಿಸಿಕೊಂಡದ್ದು 2002ರಲ್ಲಿ. ಕೂದಲಿಗೆ ಸಂಬಂಧಿಸಿದ ಕೆಆರ್‌ಟಿ71 ಎಂಬ ವಂಶವಾಹಿಯ ದೋಷವೇ ಬೋಳುತನಕ್ಕೆ ಕಾರಣವೆಂದು 2010ರಲ್ಲಿ ಗೊತ್ತಾಯಿತು. ತಂದೆ, ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಮರಿ ಬೋಳಾಗುತ್ತದೆ. ಕೂದಲಿರುವ ಬೆಕ್ಕಿಗೂ ಬೋಳು ಮರಿ ಹುಟ್ಟುವುದು ಅದಕ್ಕೇ.

ಕೂದಲು ಮಾಡುವ ಕೆಲಸವನ್ನೆಲ್ಲ ಸಾಕುವವರೇ ಮಾಡಬೇಕು. ಮೈಯ ಜಿಡ್ಡು ಹೀರಲು ಕೂದಲಿಲ್ಲ, ಹಾಗಾಗಿ ಹೆಚ್ಚುಕಡಿಮೆ ವಾರಕ್ಕೊಂದು ಸ್ನಾನ. ಕಿವಿಯಲ್ಲಿ, ಉಗುರಿನ ಸಂದಿಯಲ್ಲಿ ಕಪ್ಪು ಕೊಳೆ ಕೂರುತ್ತದೆ, ಒರೆಸಬೇಕು. ಬಿಸಿಲಿಗೆ ಚರ್ಮ ಸುಡುತ್ತದೆ, ಚಳಿಗೆ ನಡುಗುತ್ತದೆ. ಮೈ ಬೆಚ್ಚಗಿಟ್ಟುಕೊಳ್ಳಲು ಊಟವೂ ಜಾಸ್ತಿ ಬೇಕು. ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆಯೂ ಈ ತಳಿಯಲ್ಲಿ ಇದೆ, ಡಾಕ್ಟರು ಸ್ಕ್ಯಾನ್ ಮಾಡಿ ನೋಡುತ್ತಾರೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಓಣಿಯಲ್ಲಿ ಕೂದಲು ಉದುರಿದ ಮರಿ ಕಂಡರೆ ಅದು ಸ್ಫಿಂಕ್ಸ್ ಅಲ್ಲ, ಬಹುಪಾಲು ಹುಳುಕಡ್ಡಿ ಅಥವಾ ಕಜ್ಜಿ. ಮಕ್ಕಳಿಗೂ ಅಂಟುತ್ತದೆ. ಓಡಿಸಬೇಡಿ, ಪಶು ಆಸ್ಪತ್ರೆಗೆ ಒಯ್ಯಿರಿ, ಔಷಧಿ ಇದೆ.

ತಳಿಯನ್ನು ಉಳಿಸಿಕೊಟ್ಟ ನೆದರ್‌ಲ್ಯಾಂಡ್ಸ್ ಈಗ ಬೇರೆ ದಾರಿ ಹಿಡಿದಿದೆ. ಬೋಳು ಬೆಕ್ಕುಗಳನ್ನು ಹುಟ್ಟಿಸುವುದೇ ಅವುಗಳಿಗೆ ಹಿಂಸೆ ಎಂದು, 2026ರ ಜನವರಿ 1ರಿಂದ ಹೊಸದಾಗಿ ಸಾಕುವುದನ್ನು ನಿಷೇಧಿಸಿದೆ. ಅದಕ್ಕೂ ಮೊದಲೇ ಚಿಪ್ ಹಾಕಿಸಿದ ಬೆಕ್ಕುಗಳು ತಮ್ಮ ಯಜಮಾನರ ಮನೆಯಲ್ಲೇ ಕೊನೆಯವರೆಗೆ ಇರಬಹುದು.